ವರ ಒಬ್ಬರಿಗೆ, ಒಳಿತು ಎಲ್ಲರಿಗೆ: ಪಂಚಾಶತ್ತಮ ಹಬ್ಬದ ಪ್ರಬೋಧನೆ



ಪುನರುತ್ಥಾನ ಹಬ್ಬದಿಂದ ಐವತ್ತು ದಿನಗಳನ್ನು ಎಣಿಸುತ್ತಾ ಬಂದು ಇಂದು ನಾವು ಪಂಚಾಶತ್ತಮ ಹಬ್ಬವನ್ನು ತಲುಪಿದ್ದೇವೆ. ಧರ್ಮಸಭೆ ಹುಟ್ಟಿದ ದಿನವಿದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕುಟುಂಬಗಳು ಈ ಉರಿಬಿಸಿಲನ್ನೂ ಲೆಕ್ಕಿಸದೆ ಒಂದೇ ಬಲಿಪೀಠದ ಸುತ್ತ ಸೇರಿದ್ದೇವೆ. ಎಡದಂಡೆ ಕಾಲುವೆಯಲ್ಲಿ ನೀರು ನಿಂತಿದೆ, ಎರಡನೇ ಬೆಳೆಯ ಭತ್ತ ಮಿಲ್ಲು ಸೇರಿದೆ, ಗದ್ದೆಗಳು ಬರಿದಾಗಿವೆ. ಗದ್ದೆ ಬರಿದಾದರೆ ನಮ್ಮ ಹುಡುಗರು ಏನು ಮಾಡುತ್ತಾರೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಮೂರು ಕೋಲು ನೆಟ್ಟರೆ ಮುಗಿಯಿತು, ಅದೇ ಕ್ರಿಕೆಟ್ ಮೈದಾನ.

ಇಂತಹ ದೊಡ್ಡ ಹಬ್ಬದ ದಿನ ಫಾದರ್ ಕ್ರಿಕೆಟ್ ಮಾತು ಎತ್ತಿದರಲ್ಲ ಎಂದು ಹಿರಿಯರು ಬೇಸರಪಡಬಾರದು. ಇಂದಿನ ವಾಚನಗಳನ್ನೇ ನೋಡೋಣ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಗಾಳಿ, ಬೆಂಕಿ ಮತ್ತು ಹಲವು ಭಾಷೆಗಳು ಬರುತ್ತವೆ. ಶುಭಸಂದೇಶದಲ್ಲಿ, ಭಯದಿಂದ ಅಗುಳಿ ಹಾಕಿದ ಬಾಗಿಲು ಇದೆ. ಬಾಗಿಲು ಮುಚ್ಚಿರುವಾಗಲೇ ಶಿಷ್ಯರ ನಡುವೆ ಬಂದು ನಿಂತ ಪ್ರಭು ಇದ್ದಾರೆ. ಇವೆರಡರ ನಡುವೆ ಸಂತ ಪೌಲರು ಕೊರಿಂಥದ ಸಭೆಗೆ ತಿಳಿಹೇಳುವ ಒಂದು ವಿಷಯವಿದೆ. ಪವಿತ್ರಾತ್ಮರು ಒಬ್ಬೊಬ್ಬರಿಗೆ ಒಂದೊಂದು ವರವನ್ನು ಕೊಡುತ್ತಾರೆ. ಆದರೆ ಯಾವ ವರವೂ ಅದನ್ನು ಪಡೆದವನ ಸ್ವಂತ ಸೊತ್ತಲ್ಲ, ಅದು ಎಲ್ಲರ ಒಳಿತಿಗಾಗಿ ಕೊಟ್ಟದ್ದು. ನಮ್ಮ ಇಂದಿನ ಚಿಂತನೆ ಈ ಒಂದೇ ವಿಷಯದ ಮೇಲೆ.

ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯಿತು. ನಮ್ಮ ಚರ್ಚಿನ ಓಣಿಯ ಹುಡುಗರೂ ಹೆಸರು ಕೊಟ್ಟಿದ್ದರು. ಚೆನ್ನಾಗಿ ಆಡಿದರು, ಗೆದ್ದರು ಕೂಡ. ಆದರೆ ನೀರಿನ ವಿರಾಮದಲ್ಲಿ ಒಂದು ಸಂಗತಿ ನಡೆಯಿತು. ಬೇರೆ ತಂಡದವರಿಗೆ ಕೊಡದಿಂದ ಲೋಟದಲ್ಲಿ ತುಂಬಿ ಕೊಟ್ಟರು. ನಮ್ಮ ಹುಡುಗರಿಗೆ ಲೋಟ ಕೊಡಲಿಲ್ಲ; ಬೊಗಸೆ ಒಡ್ಡಿರೆಂದು ಮೇಲಿನಿಂದ ಸುರಿದರು. ಸಂಜೆ ಹುಡುಗರು ಬಂದು ಇದನ್ನು ನಮಗೆ ಹೇಳಿದರು. ನಾವು ಕೊಟ್ಟ ಉತ್ತರವನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ. “ನೀರಿನ ಮಾತು ದೊಡ್ಡದು ಮಾಡಬ್ಯಾಡ್ರಪ್ಪ, ಹೊಂದಿಕೊಂಡು ಹೋಗ್ರಿ, ಆಟ ಆಡಿ ಬರ್ರಿ” ಎಂದೆವು. ಅವರಲ್ಲಿ ಬೌಲಿಂಗ್ ಚೆನ್ನಾಗಿ ಮಾಡುತ್ತಿದ್ದ ಒಬ್ಬ ಹುಡುಗ ನಮ್ಮ ಮುಖ ನೋಡಿ ಕೇಳಿದ: “ನೀವಿದ್ರ ಆ ನೀರು ಕುಡೀತಿದ್ರೇನ್ರೀ ಫಾದರ್?”

ನಮ್ಮಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆ ಹುಡುಗ ಟೂರ್ನಮೆಂಟಿಗೆ ಹೋಗಲಿಲ್ಲ. ಬಂದ ತಂಡಗಳೆಲ್ಲ ಕರೆದರೂ ಹೋಗಲಿಲ್ಲ. ಹುಡುಗನಿಗೆ ಸಿಟ್ಟು ಜಾಸ್ತಿ, ದೇವರು ಕೊಟ್ಟ ಪ್ರತಿಭೆಯನ್ನು ಹಾಳುಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆವು. ನಾವು ಎಷ್ಟು ತಪ್ಪು ತಿಳಿದಿದ್ದೆವು ಎಂಬುದನ್ನು ನಮಗೆ ಕಲಿಸಿದ್ದು ದೂರದ ಇಂಗ್ಲೆಂಡಿನ ಒಬ್ಬ ಧರ್ಮಾಧ್ಯಕ್ಷರ ಜೀವನ. ಅವರ ಹೆಸರು ಡೇವಿಡ್ ಶೆಪರ್ಡ್. ಅವರು ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯವರು, ಸಂಸಾರಸ್ಥರು. ಆದರೂ ಈ ಹಬ್ಬದ ದಿನ ಅವರ ಕಥೆಯನ್ನು ಹೇಳಲು ಕಾರಣವಿದೆ. ಅದು ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ಶೆಪರ್ಡ್ ಅವರು ಹುಟ್ಟಿದ್ದು 1929ರ ಮಾರ್ಚ್ 6ರಂದು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಅವರು ಹೆಸರಾಂತ ಬ್ಯಾಟ್ಸ್‌ಮನ್. ಅಲ್ಲಿಯೇ, 1949ರಲ್ಲಿ, ಅವರ ಮನಸ್ಸು ಪ್ರಭುವಿನ ಕಡೆಗೆ ತಿರುಗಿತು. 1950ರಲ್ಲಿ ಇಂಗ್ಲೆಂಡ್ ಪರವಾಗಿ ಮೊದಲ ಟೆಸ್ಟ್ ಪಂದ್ಯ ಆಡಿದರು. ಟೆಸ್ಟ್‌ನಲ್ಲಿ ಅವರು ಮೊದಲ ಶತಕ ಹೊಡೆದದ್ದು ಯಾರ ಮೇಲೆ ಗೊತ್ತೇ? ನಮ್ಮ ಭಾರತದ ಮೇಲೆ! 1952ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 119 ರನ್. ನಮ್ಮ ನಾಯಕರು ವಿಜಯ್ ಹಜಾರೆ. ಆ ಪ್ರವಾಸದಲ್ಲಿ ಭಾರತ ತಂಡದ ಸ್ಪಿನ್ ಬೌಲರುಗಳಲ್ಲಿ ಒಬ್ಬರು ಹೈದರಾಬಾದಿನ ಗುಲಾಂ ಅಹ್ಮದ್. ಆಗ ನಮ್ಮ ರಾಯಚೂರು ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರಲ್ಲಿ ತಾನೇ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು. ಹಾಗಾಗಿ ನಮ್ಮ ರಾಜ್ಯದವರೇ ಒಬ್ಬರು ಈ ಶೆಪರ್ಡ್ ಅವರ ಎದುರು ಆಡಿದ್ದಾರೆ ಎನ್ನಬಹುದು.

1954ರಲ್ಲಿ ಪಾಕಿಸ್ತಾನದ ವಿರುದ್ಧ ಎರಡು ಟೆಸ್ಟ್‌ಗಳಿಗೆ ಅವರು ಇಂಗ್ಲೆಂಡಿನ ನಾಯಕರಾದರು. ವಯಸ್ಸು ಇಪ್ಪತ್ತೈದು. ಮುಂದೆ ನಾಯಕತ್ವದ ದಾರಿ ತೆರೆದಿತ್ತು. ಆದರೆ ಅವರು ಗುರುಮಠದ ಓದನ್ನು ಬಿಡಲಿಲ್ಲ. 1955ರಲ್ಲಿ ದೀಕ್ಷೆ ಪಡೆದು, ಲಂಡನ್ನಿನ ಇಸ್ಲಿಂಗ್ಟನ್ ಎಂಬಲ್ಲಿ ಸಹಾಯಕ ಗುರುಗಳಾದರು. ಮರುವರ್ಷ, 1956ರಲ್ಲಿ, ಆಸ್ಟ್ರೇಲಿಯಾ ವಿರುದ್ಧ ಮ್ಯಾಂಚೆಸ್ಟರಿನಲ್ಲಿ ಆಡಲು ಕರೆ ಬಂತು. ಹೋದರು, 113 ರನ್ ಹೊಡೆದರು. ಅದು ಜಿಮ್ ಲೇಕರ್ ಒಂದೇ ಪಂದ್ಯದಲ್ಲಿ 19 ವಿಕೆಟ್ ಪಡೆದ ಪ್ರಸಿದ್ಧ ಪಂದ್ಯ. ಲೇಕರ್ ಅವರ ಹೆಸರಿನ ಮುಂದೆ ಉಳಿದವರ ಆಟ ಮಸುಕಾಯಿತು. ಆದರೆ ಗುರುದೀಕ್ಷೆ ಪಡೆದವರೊಬ್ಬರು ಟೆಸ್ಟ್ ಶತಕ ಬಾರಿಸಿದ್ದು ಅದೇ ಮೊದಲು.

1957ರಿಂದ ಹನ್ನೆರಡು ವರ್ಷ ಅವರು ಪೂರ್ವ ಲಂಡನ್ನಿನ ಬಂದರು ಕೂಲಿಗಳ ಬಡಾವಣೆಯಲ್ಲಿ, ಮೇಫ್ಲವರ್ ಕುಟುಂಬ ಕೇಂದ್ರವೆಂಬ ಸೇವಾಕೇಂದ್ರದ ಮುಖ್ಯಸ್ಥರಾಗಿ ದುಡಿದರು. ಬಡಹುಡುಗರ ನಡುವೆ ಬದುಕಿದರು. ಅಲ್ಲಿಂದಲೇ ರಜೆ ಪಡೆದು 1962ರಲ್ಲಿ ಮತ್ತೆ ಇಂಗ್ಲೆಂಡ್ ತಂಡದ ಜೊತೆ ಆಸ್ಟ್ರೇಲಿಯಾಕ್ಕೆ ಹೋದರು. ಆಗಿನ ಟೆಸ್ಟ್ ಪಂದ್ಯಗಳಿಗೆ ಭಾನುವಾರ ವಿರಾಮ. ವಾರವಿಡೀ ಬ್ಯಾಟು ಹಿಡಿದವರು ಭಾನುವಾರ ಅಲ್ಲಿನ ಚರ್ಚುಗಳಲ್ಲಿ ದೇವರ ವಾಕ್ಯ ಬೋಧಿಸುತ್ತಿದ್ದರು. ನಮ್ಮ ಯುವಕರು ಇದನ್ನು ಸ್ವಲ್ಪ ಗಮನಿಸಬೇಕು. ಆರು ದಿನದ ಆಟ ಏಳನೇ ದಿನದ ಪ್ರಾರ್ಥನೆಯನ್ನು ನುಂಗಲಿಲ್ಲ!

ಅದೇ ಪ್ರವಾಸದಲ್ಲಿ ಮೆಲ್ಬರ್ನಿನ ಪಂದ್ಯ. ಮೊದಲ ಇನ್ನಿಂಗ್ಸಿನಲ್ಲಿ ಶೆಪರ್ಡ್ ಅವರದು ಸೊನ್ನೆ. ಸಾಲದ್ದಕ್ಕೆ ಕ್ಯಾಚುಗಳನ್ನೂ ಕೈಬಿಟ್ಟರು. ದಿನವೂ ಕೈಜೋಡಿಸುವುದೇ ಕೆಲಸವಾದ ಪಾದ್ರಿಗಳಿಗೆ ಚೆಂಡು ಬಂದಾಗ ಮಾತ್ರ ಕೈ ಜೋಡಿಸಲು ಬರುವುದಿಲ್ಲವೇ ಎಂಬ ತಮಾಷೆ ಆಗ ಹುಟ್ಟಿದ್ದು. ಕ್ರಿಕೆಟ್ ಬಲ್ಲವರು ಅದನ್ನು ಇಂದಿಗೂ ಹೇಳಿ ನಗುತ್ತಾರೆ. ಆದರೆ ಎರಡನೇ ಇನ್ನಿಂಗ್ಸಿನಲ್ಲಿ ಅದೇ ಶೆಪರ್ಡ್ 113 ರನ್ ಹೊಡೆದರು. ಇಂಗ್ಲೆಂಡ್ ಏಳು ವಿಕೆಟ್‌ಗಳಿಂದ ಗೆದ್ದಿತು. ಬಿದ್ದವರು ಎದ್ದು ನಿಲ್ಲಬಹುದು ಎಂಬುದಕ್ಕೆ ಪೇತ್ರರ ಕಥೆ ಸಾಲದಿದ್ದವರಿಗೆ ಇದೊಂದು ಚಿಕ್ಕ ಉದಾಹರಣೆ. ಒಟ್ಟು 22 ಟೆಸ್ಟ್‌ಗಳಲ್ಲಿ ಅವರು 1,172 ರನ್ ಗಳಿಸಿದರು, ಮೂರು ಶತಕಗಳು.

ಪ್ರಿಯರೇ, ಇಷ್ಟೇ ಆಗಿದ್ದರೆ ಇದು ಒಬ್ಬ ಒಳ್ಳೆಯ ಆಟಗಾರರ ಕಥೆಯಾಗಿ ಮುಗಿಯುತ್ತಿತ್ತು. ಪವಿತ್ರಾತ್ಮರ ಕೆಲಸ ನಮಗೆ ಕಾಣುವುದು ಅವರು ಆಡಿದ ಪಂದ್ಯಗಳಿಗಿಂತ ಹೆಚ್ಚಾಗಿ ಅವರು ಆಡಲು ಒಪ್ಪದ ಪಂದ್ಯಗಳಲ್ಲಿ.

ಆ ಕಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಇತ್ತು. ಬಿಳಿಯರಿಗೆ ಬೇರೆ ಬೆಂಚು, ಬೇರೆ ಬಸ್ಸು, ಬೇರೆ ಶಾಲೆ, ಕರಿಯರಿಗೆ ಬೇರೆ. ದೇಶದ ಕ್ರಿಕೆಟ್ ತಂಡದಲ್ಲಿ ಬಿಳಿಯರಿಗೆ ಮಾತ್ರ ಜಾಗ. 1960ರಲ್ಲಿ ಆ ತಂಡ ಇಂಗ್ಲೆಂಡಿಗೆ ಬರುವುದಿತ್ತು. ಶೆಪರ್ಡ್ ಅವರು ಆ ತಂಡದ ವಿರುದ್ಧ ತಾವು ಆಡುವುದಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ, ಪಾದ್ರಿಗಳಿಗೆ ಇದೆಲ್ಲ ಯಾಕೆ ಎಂದವರು ಬಹಳ ಜನ. ನಾವು ನಮ್ಮ ಹುಡುಗರಿಗೆ ಹೇಳಿದ್ದೂ ಇದನ್ನೇ ಅಲ್ಲವೇ? ಹೊಂದಿಕೊಂಡು ಹೋಗಿ, ಆಟ ಆಡಿ ಬನ್ನಿ.

ಅವರು ಹೊಂದಿಕೊಳ್ಳಲಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹುಟ್ಟಿದ ಬೇಸಿಲ್ ಡಿ’ಒಲಿವೇರಾ ಎಂಬ ಆಟಗಾರರಿದ್ದರು. ಮೈಬಣ್ಣದ ಕಾರಣದಿಂದ ಸ್ವದೇಶದ ತಂಡದಲ್ಲಿ ಅವರಿಗೆ ಅವಕಾಶವಿರಲಿಲ್ಲ. ಇಂಗ್ಲೆಂಡಿಗೆ ಬಂದು, ಆ ದೇಶದ ತಂಡ ಸೇರಿ, 1968ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಓವಲ್‌ನಲ್ಲಿ 158 ರನ್ ಹೊಡೆದರು. ಆದರೂ ಮುಂದಿನ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮೊದಲು ಅವರನ್ನು ಆರಿಸಲಿಲ್ಲ. ಆಮೇಲೆ, ಒಬ್ಬರು ಗಾಯಗೊಂಡು ಹಿಂದೆ ಸರಿದಾಗ ಅವರನ್ನು ಸೇರಿಸಿಕೊಂಡರು. ಅವರು ಬರುವುದಾದರೆ ತಂಡವೇ ಬರುವುದು ಬೇಡ ಎಂದಿತು ಅಲ್ಲಿನ ಸರ್ಕಾರ. ಪ್ರವಾಸ ರದ್ದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಆಡಳಿತ ಸಂಸ್ಥೆಯಾದ ಎಂ.ಸಿ.ಸಿ.ಯ ವಿಶೇಷ ಸಭೆಯಲ್ಲಿ ಶೆಪರ್ಡ್ ಅವರು ಎದ್ದು ನಿಂತು, ಆಡಳಿತ ಸಮಿತಿ ನಡೆದುಕೊಂಡ ರೀತಿ ಸರಿಯಲ್ಲವೆಂಬ ನಿರ್ಣಯ ಮಂಡಿಸಿದರು. ಅವರಿಗೆ ಸೋಲಾಯಿತು. ಜೊತೆಯಲ್ಲಿ ಆಡಿದ ಕೆಲವು ಹಳೆಯ ಗೆಳೆಯರ ಮನಸ್ಸೂ ಮುರಿಯಿತು.

ಆದರೆ ಸೋತ ಮಾತು ಸುಳ್ಳಲ್ಲ. 1970ರಲ್ಲಿ ದಕ್ಷಿಣ ಆಫ್ರಿಕಾ ತಂಡದ ಇಂಗ್ಲೆಂಡ್ ಪ್ರವಾಸ ರದ್ದಾಯಿತು. ಅದಕ್ಕಾಗಿ ದುಡಿದವರಲ್ಲಿ ಶೆಪರ್ಡ್ ಅವರೂ ಒಬ್ಬರು. ಆ ಬಳಿಕ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ದೇಶ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗುಳಿಯಿತು. ವರ್ಣಭೇದದ ಕಾನೂನುಗಳು ಸಡಿಲವಾದ ಮೇಲೆ, 1991ರ ನವೆಂಬರಿನಲ್ಲಿ ಅದು ಮತ್ತೆ ಆಟಕ್ಕೆ ಇಳಿದದ್ದು ನಮ್ಮ ನೆಲದಲ್ಲಿ, ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ. ನಮ್ಮಲ್ಲಿ ಹಿರಿಯರಾದವರಿಗೆ ಆ ದಿನ ನೆನಪಿದ್ದೀತು.

ದೇವರು ಅವರಿಗೆ ಬ್ಯಾಟಿಂಗಿನ ವರ ಕೊಟ್ಟಿದ್ದರು. ಆ ವರ ಇದ್ದುದರಿಂದಲೇ ಅವರು ಬೇಡವೆಂದ ಮಾತಿಗೆ ಬೆಲೆ ಬಂತು. ಆಡಲು ಬಾರದ ನಾವು ಆಡುವುದಿಲ್ಲ ಎಂದರೆ ಯಾರು ಕೇಳುತ್ತಾರೆ? ಇದನ್ನು ಓದಿದ ದಿನ ನಮಗೆ ನಮ್ಮ ಆ ಬೌಲರ್ ಹುಡುಗ ನೆನಪಾದ. ಅವನು ತನ್ನ ವರವನ್ನು ಹಾಳುಮಾಡಲಿಲ್ಲ. ತನ್ನ ಓಣಿಯ ಹನ್ನೊಂದು ಜನರ ಮಾನಕ್ಕಾಗಿ ಅದನ್ನು ಬಲಿಯಾಗಿ ಕೊಟ್ಟ. ಬಲಿ ಅರ್ಪಿಸುವ ನಮಗೇ ಅದು ತಿಳಿಯಲಿಲ್ಲ.

ನಮ್ಮ ಮಸ್ಕಿಯ ಬಂಡೆಯನ್ನು ನೀವೆಲ್ಲ ನೋಡಿದ್ದೀರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಆ ಶಾಸನವನ್ನು ಕಂಡುಹಿಡಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇರುವುದರಿಂದ ಜಗತ್ತಿನ ವಿದ್ವಾಂಸರಿಗೆಲ್ಲ ಮಸ್ಕಿ ಗೊತ್ತು. ಆದರೆ ಹೆಸರಿಗಿಂತಲೂ ದೊಡ್ಡ ವಿಷಯ ಅದರಲ್ಲಿದೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಗುರಿ ಮುಟ್ಟಬಲ್ಲನು, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಸತ್ಯವನ್ನು ಹೊತ್ತು ನಿಂತಿರುವ ಬಂಡೆಯ ಸೀಮೆಯಲ್ಲಿ, ಬಾಯಾರಿದ ಹುಡುಗನಿಗೆ ಲೋಟ ಕೊಡಲು ನಮಗೆ ಇನ್ನೂ ಮನಸ್ಸು ಬಂದಿಲ್ಲವೆಂದರೆ ಏನೆನ್ನಬೇಕು?

ಈಗ ಶೆಪರ್ಡ್ ಅವರ ಜೀವನದ ಕೊನೆಯ ಭಾಗಕ್ಕೆ ಬರೋಣ. ಈ ಹಬ್ಬಕ್ಕೂ ಅವರಿಗೂ ಇರುವ ನಂಟು ಅಲ್ಲಿದೆ. 1975ರಲ್ಲಿ ಅವರು ಲಿವರ್‌ಪೂಲ್ ನಗರದ ಆಂಗ್ಲಿಕನ್ ಧರ್ಮಾಧ್ಯಕ್ಷರಾದರು. ಅದು ಬಹುಕಾಲದಿಂದ ಒಡೆದ ಊರು. ಐರ್ಲೆಂಡಿನ ಬರಗಾಲದಿಂದ ಓಡಿಬಂದ ಕಥೋಲಿಕರು ಒಂದು ಕಡೆ, ಪ್ರೊಟೆಸ್ಟಂಟರು ಇನ್ನೊಂದು ಕಡೆ. ಬೀದಿ ಬೇರೆ, ಶಾಲೆ ಬೇರೆ, ಮದುವೆ ಬೇರೆ. ಮೆರವಣಿಗೆ ಬಂದರೆ ಕಲ್ಲು ತೂರಾಟ. 1976ರಲ್ಲಿ ಅದೇ ಊರಿಗೆ ಕಥೋಲಿಕ ಮಹಾಧರ್ಮಾಧ್ಯಕ್ಷರಾಗಿ ಡೆರೆಕ್ ವೊರ್ಲಾಕ್ ಬಂದರು. ಇಬ್ಬರೂ ಸ್ನೇಹಿತರಾದರು. ಯಾರೂ ತಮ್ಮ ವಿಶ್ವಾಸವನ್ನು ಬಿಟ್ಟುಕೊಡಲಿಲ್ಲ. ಆದರೆ ಬೇರೆಯಾಗಿ ಮಾಡಲೇಬೇಕಾದ ಕೆಲಸವನ್ನು ಬಿಟ್ಟು ಉಳಿದುದೆಲ್ಲವನ್ನೂ ಜೊತೆಯಾಗಿ ಮಾಡಿದರು. 1981ರ ಜುಲೈನಲ್ಲಿ ಟಾಕ್ಸ್‌ಟೆತ್ ಬಡಾವಣೆಯಲ್ಲಿ ಗಲಭೆ ಎದ್ದಾಗ ಇಬ್ಬರೂ ಜನರ ನಡುವೆ ನಿಂತರು. ನಿರುದ್ಯೋಗಿಗಳ ಪರವಾಗಿ ಸರ್ಕಾರದ ಮುಂದೆ ಜೊತೆಯಾಗಿ ಮಾತಾಡಿದರು. 1988ರಲ್ಲಿ ಇಬ್ಬರೂ ಸೇರಿ ಒಂದು ಪುಸ್ತಕವನ್ನೂ ಬರೆದರು.

ಲಿವರ್‌ಪೂಲಿನಲ್ಲಿ ಎರಡು ದೊಡ್ಡ ಪ್ರಧಾನಾಲಯಗಳಿವೆ, ಒಂದು ಅವರದು, ಒಂದು ನಮ್ಮದು. ಎರಡನ್ನೂ ಜೋಡಿಸುವ ರಸ್ತೆಯ ಹೆಸರು ಹೋಪ್ ಸ್ಟ್ರೀಟ್, ಅಂದರೆ ಭರವಸೆಯ ಬೀದಿ. 1982ರ ಮೇ 30ರಂದು ಜಗದ್ಗುರು ಎರಡನೇ ಜಾನ್ ಪೌಲರು ಆ ಊರಿಗೆ ಬಂದರು. ಮೊದಲು ಆಂಗ್ಲಿಕನ್ ಪ್ರಧಾನಾಲಯಕ್ಕೆ ಹೋಗಿ ಪ್ರಾರ್ಥಿಸಿದರು. ಬಳಿಕ ಆ ಬೀದಿಯಲ್ಲೇ ಸಾಗಿ ಕಥೋಲಿಕ ಪ್ರಧಾನಾಲಯದಲ್ಲಿ ಬಲಿಪೂಜೆ ಅರ್ಪಿಸಿದರು. ಅಂದು ಯಾವ ದಿನ ಬಲ್ಲಿರಾ? ಪಂಚಾಶತ್ತಮ ಹಬ್ಬದ ಭಾನುವಾರ!

ವೊರ್ಲಾಕ್ ಅವರು 1996ರಲ್ಲಿ ತೀರಿಕೊಂಡರು. ಶೆಪರ್ಡ್ ಅವರು 1997ರಲ್ಲಿ ನಿವೃತ್ತರಾಗಿ, 2005ರ ಮಾರ್ಚ್ 5ರಂದು, ಎಪ್ಪತ್ತಾರು ತುಂಬಲು ಒಂದು ದಿನ ಬಾಕಿಯಿರುವಾಗ ಪ್ರಭುವಿನಲ್ಲಿ ನಿದ್ರಿಸಿದರು. 2008ರಲ್ಲಿ ಹೋಪ್ ಸ್ಟ್ರೀಟಿನಲ್ಲಿ ಇಬ್ಬರ ಸ್ಮಾರಕವನ್ನು ನಿಲ್ಲಿಸಿದರು. ಕಂಚಿನ ಎರಡು ಎತ್ತರದ ಬಾಗಿಲುಗಳು. ಒಂದರಲ್ಲಿ ಒಬ್ಬರು, ಇನ್ನೊಂದರಲ್ಲಿ ಇನ್ನೊಬ್ಬರು. ಎರಡರ ನಡುವೆ ತೆರೆದ ಜಾಗ. ಇಂದಿನ ಶುಭಸಂದೇಶದ ಅಗುಳಿ ಹಾಕಿದ ಬಾಗಿಲು ಅಲ್ಲಿ ತೆರೆದುಕೊಂಡಿದೆ.

ಇದು ಹಳೆಯ ಕಥೆಯಾಗಿ ನಿಂತಿಲ್ಲ. 2013ರಲ್ಲಿ ವ್ಯಾಟಿಕನ್ನಿನಲ್ಲೂ ಸಂತ ಪೇತ್ರರ ಹೆಸರಿನ ಕ್ರಿಕೆಟ್ ತಂಡ ಹುಟ್ಟಿತು. ರೋಮಿನಲ್ಲಿ ಓದುತ್ತಿದ್ದ ಭಾರತದ ಗುರುಗಳೂ ಗುರುವಿದ್ಯಾರ್ಥಿಗಳೂ ಅದರಲ್ಲಿ ಆಡಿದರು. 2014ರ ಸೆಪ್ಟೆಂಬರಿನಲ್ಲಿ ಅವರು ಕ್ಯಾಂಟರ್‌ಬರಿಗೆ ಹೋಗಿ ಆಂಗ್ಲಿಕನ್ ಗುರುಗಳ ತಂಡದೊಂದಿಗೆ ಆಡಿದರು. ನಮ್ಮವರು ಸೋತರು, ಆದರೆ ಒಟ್ಟಿಗೆ ಪ್ರಾರ್ಥಿಸಿ, ಒಟ್ಟಿಗೆ ಆಡಿ ಬಂದರು.

ಸಹೋದರ ಸಹೋದರಿಯರೇ, ಪವಿತ್ರಾತ್ಮರು ನಿಮ್ಮ ಮನೆಯಲ್ಲಿ ಯಾರಿಗೆ ಯಾವ ವರ ಕೊಟ್ಟಿದ್ದಾರೆ? ಒಬ್ಬನಿಗೆ ಚೆಂಡು ಎಸೆಯುವ ತೋಳು, ಒಬ್ಬಳಿಗೆ ಹಾಡುವ ಕಂಠ, ಒಬ್ಬರಿಗೆ ಲೆಕ್ಕ ಬರೆಯುವ ತಲೆ, ಒಬ್ಬ ತಾಯಿಗೆ ಜಗಳ ಬಿಡಿಸುವ ನಾಲಿಗೆ. ಯಾವುದೂ ಸಣ್ಣದಲ್ಲ. ಈ ವರದಿಂದ ನನಗೆ ಏನು ಸಿಕ್ಕಿತು ಎಂದು ಎಣಿಸುತ್ತಾ ಕೂರಬೇಡಿ. ಇದರಿಂದ ನನ್ನ ಪಕ್ಕದವನಿಗೆ ಏನು ಸಿಕ್ಕಿತು ಎಂದು ಕೇಳಿಕೊಳ್ಳಿ. ತಂದೆತಾಯಿಯರೇ, ಮಗ ಆಡಲು ಹೋದನೆಂದು ಬಯ್ಯುವ ಮುನ್ನ ಅವನು ಯಾರ ಜೊತೆ ಆಡುತ್ತಾನೆ, ಯಾರನ್ನು ಹೊರಗಿಡುತ್ತಾನೆ ಎಂದು ವಿಚಾರಿಸಿ. ಯುವಕರೇ, ಭಾನುವಾರದ ಬಲಿಪೂಜೆ ಮುಗಿಸಿ ಆಡಿ. ಆಡುವಾಗ ಅಲ್ಲಿ ನೀವು ಬಲಿಪೂಜೆ ಮುಗಿಸಿ ಬಂದವರೆಂದು ಗೊತ್ತಾಗಲಿ.

ಇಂದು ಸಂಜೆ ಬಿಸಿಲು ಇಳಿದ ಮೇಲೆ ಯುವಕರು ಪಂದ್ಯ ಇಟ್ಟುಕೊಂಡಿದ್ದಾರೆ. ಓಣಿಗೊಂದು ತಂಡ ಬೇಡ, ಚೀಟಿ ಎತ್ತಿ ಬೆರಕೆ ತಂಡ ಮಾಡಿ ಎಂದಿದ್ದೇವೆ. ಮೆಥೋಡಿಸ್ಟ್ ಸಭೆಯ ಹುಡುಗರಿಗೂ, ಬೇರೆ ಧರ್ಮದ ನೆರೆಯ ಗೆಳೆಯರಿಗೂ ಹೇಳಿಕಳಿಸಿದ್ದೇವೆ. ಆ ಬೌಲರ್ ಹುಡುಗನ ಮನೆಗೆ ನಾವೇ ಹೋಗಿದ್ದೆವು. ಅಂದು ಹೇಳಿದ ಮಾತಿಗೆ ಕ್ಷಮೆ ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಕೊಡ ಒಂದೇ, ಲೋಟ ಒಂದೇ ಅಂದ್ರ ಬರ್ತೀನ್ರೀ ಫಾದರ್” ಎಂದ.

ಕೊಡ ಒಂದೇ ಇಟ್ಟಿದ್ದೇವೆ. ಮೊದಲ ಲೋಟವನ್ನು ಅವನ ಕೈಯಿಂದ ಪಡೆದು ಕುಡಿಯುವವರು ನಾವು. ಅಂದು ಅವನು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಅದೇ. ನೀವೆಲ್ಲರೂ ಬನ್ನಿ, ಅದೇ ಲೋಟದಲ್ಲಿ ಕುಡಿಯಿರಿ.

ಹಲವು ಭಾಷೆಗಳನ್ನು ಒಂದು ಮಾಡಿದ ಪವಿತ್ರಾತ್ಮರು ನಮ್ಮ ಹಲವು ಓಣಿಗಳನ್ನೂ ಒಂದು ಮಾಡಲಿ. ನಮ್ಮ ಮುಚ್ಚಿದ ಬಾಗಿಲುಗಳನ್ನು ತೆರೆಯಲಿ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.